ಗುಣವಾದ ಮೇಲಿನ ದಾಸೋಹ

‘ಗುಣ’ವೆಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಬಳಕೆಗಳುಂಟು. ಮನುಷ್ಯನ ಶೀಲವೂ ಗುಣವೇ, ರೋಗಿಯು ವಾಸಿಯಾಗುವುದೂ ಗುಣವೇ. ಸಂಸ್ಕೃತದಲ್ಲಿ ಇದೇ ಶಬ್ದವು ಎಳೆ, ಹುರಿ, ಬಿಲ್ಲಿನ ಹೆದೆ ಎಂಬ ಅರ್ಥಗಳನ್ನೂ ಕೊಡುತ್ತದೆ. ಎಳೆಗಳನ್ನು ಕೂಡಿಸಿ ಹೊಸೆದರೆ ಹಗ್ಗವಾಗುತ್ತದೆ. ಹಗ್ಗವಾಯಿತೆಂದು ಹೊಸೆದವನು ಕೈತೊಳೆದುಕೊಳ್ಳಬಹುದು. ಆದರೆ ಬಾವಿಗೆ ಇಳಿಬಿಟ್ಟು ನೀರು ಸೇದುವವನು ಅದು ಎಲ್ಲಿ ಸವೆದಿದೆ ಎಂಬುದನ್ನು ದಿನವೂ ನೋಡಿಕೊಳ್ಳಬೇಕು. ರೋಗಿಗೆ ‘ಗುಣವಾಯಿತು’ ಎಂದು ಹೇಳಿದೊಡನೆ ನೋಡಿಕೊಳ್ಳುವ ಕೆಲಸವೂ ಮುಗಿಯಿತೆಂದು ತಿಳಿಯುವುದು ಲೋಕದ ರೂಢಿ. ಈ ರೂಢಿಯು ಸರಿಯೆ ಎಂಬುದು ವಿಚಾರಣೀಯವಾದ ಪ್ರಶ್ನೆ. ಪ್ರಾಣವನ್ನು ಉಳಿಸಿದ ಮೇಲೆ ಉಳಿಸಿದವರ ಧರ್ಮ ಮುಗಿಯಿತೆ? ಉಳಿದವರಿಗೆ ತಮ್ಮ ಉಳಿವಿನ ಕಥೆಯನ್ನು ತಿಳಿಯುವ ಅಧಿಕಾರವಿದೆಯೆ? ಬಾಲ್ಯದಲ್ಲಿ ಅರ್ಬುದರೋಗಕ್ಕೆ, ಎಂದರೆ ಕ್ಯಾನ್ಸರಿಗೆ, ತುತ್ತಾಗಿ ಬದುಕಿ ಬೆಳೆದವರ ವಿಷಯದಲ್ಲಿ ಈ ಪ್ರಶ್ನೆಗಳು ಅತ್ಯಂತ ತೀಕ್ಷ್ಣವಾಗಿ ಎದುರಾಗುತ್ತವೆ.

ಒಂದು ಕಾಲದಲ್ಲಿ ಈ ಪ್ರಶ್ನೆಗಳಿಗೆ ಅವಕಾಶವೇ ಇರಲಿಲ್ಲ. ಮಗುವಿಗೆ ರಕ್ತದ ಕ್ಯಾನ್ಸರ್ ಬಂದಿತೆಂದರೆ ಅದು ಕೆಲವು ತಿಂಗಳುಗಳ ಮಾತಾಗಿತ್ತು. 1948ರಲ್ಲಿ ಅಮೆರಿಕದ ಬಾಸ್ಟನ್ ನಗರದ ವೈದ್ಯ ಸಿಡ್ನಿ ಫಾರ್ಬರ್, ಅಮಿನಾಪ್ಟೆರಿನ್ ಎಂಬ ಔಷಧದಿಂದ ಈ ರೋಗವು ಕೆಲವು ಮಕ್ಕಳಲ್ಲಿ ತಾತ್ಕಾಲಿಕವಾಗಿಯಾದರೂ ಹಿಮ್ಮೆಟ್ಟಿತೆಂಬುದನ್ನು ಪ್ರಕಟಿಸಿದನು. ಆ ಔಷಧವು ಸಿದ್ಧವಾದದ್ದು ಆಂಧ್ರದ ಭೀಮಾವರದಲ್ಲಿ 1895ರಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ ಯಲ್ಲಾಪ್ರಗಡ ಸುಬ್ಬರಾಯರು ಮುಖ್ಯಸ್ಥರಾಗಿದ್ದ ಸಂಶೋಧನಾಲಯದಲ್ಲಿ. ಸುಬ್ಬರಾಯರು ಅದೇ 1948ರಲ್ಲಿ ತೀರಿಕೊಂಡರು. ತಮ್ಮ ಕೆಲಸದ ಫಲವನ್ನು ಅವರು ಪೂರ್ಣವಾಗಿ ಕಾಣಲಿಲ್ಲ. ಮುಂದಿನ ದಶಕಗಳಲ್ಲಿ, ನಮ್ಮ ಮನೆಯಂಗಳಗಳಲ್ಲಿ ಯಾರ ಆರೈಕೆಯನ್ನೂ ಬಯಸದೆ ಹೂಬಿಡುವ ನಿತ್ಯಪುಷ್ಪದ ಗಿಡದಿಂದ ವಿನ್‌ಕ್ರಿಸ್ಟಿನ್ ಎಂಬ ಔಷಧವು ಬಂದಿತು. ಒಂದೊಂದೇ ಔಷಧದಿಂದ ಆಗದಿದ್ದುದು ಹಲವು ಔಷಧಗಳನ್ನು ಕ್ರಮವರಿತು ಕೂಡಿಸಿದಾಗ ಸಾಧ್ಯವಾಯಿತು. ಇಂದು ಸಂಪನ್ನ ದೇಶಗಳಲ್ಲಿ ಕ್ಯಾನ್ಸರ್ ಬಂದ ನೂರು ಮಕ್ಕಳಲ್ಲಿ ಎಂಬತ್ತಕ್ಕೂ ಹೆಚ್ಚು ಮಕ್ಕಳು ಉಳಿಯುತ್ತಾರೆ. ಬಡ ಹಾಗೂ ಮಧ್ಯಮ ವರಮಾನದ ಅನೇಕ ದೇಶಗಳಲ್ಲಿ ಈ ಸಂಖ್ಯೆಯು ಮೂವತ್ತನ್ನೂ ಮುಟ್ಟುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳಿಗೂ ಕಿಶೋರರಿಗೂ ಈ ರೋಗವು ಬರುವುದೆಂದು ಲೆಕ್ಕ ಹಾಕಿ, 2030ರ ವೇಳೆಗೆ ಅವರಲ್ಲಿ ನೂರಕ್ಕೆ ಅರವತ್ತು ಮಂದಿಯಾದರೂ ಉಳಿಯಬೇಕೆಂಬ ಸಂಕಲ್ಪವನ್ನು ಆ ಸಂಸ್ಥೆಯು 2018ರಲ್ಲಿ ಮಾಡಿತು.

ನಮ್ಮ ನಾಡಿನ ಜನರು ಕಿದ್ವಾಯಿ ಎಂದು ಕರೆಯುವ ಬೆಂಗಳೂರಿನ ಆಸ್ಪತ್ರೆಯು 1973ರಲ್ಲಿ ಸ್ಥಾಪಿತವಾಯಿತು. ಚನ್ನಗಿರಿಯ ಅಡಕೆ ತೋಟದ ಕೂಲಿಕಾರನಾಗಲಿ, ಹೊನ್ನಾಳಿಯ ಹೊಳೆದಂಡೆಯ ಭತ್ತದ ಬೆಳೆಗಾರನಾಗಲಿ, ನ್ಯಾಮತಿಯ ಮೆಕ್ಕೆಜೋಳದ ಹೊಲದವನಾಗಲಿ, ಜಗಳೂರಿನ ಮಳೆಯಾಶ್ರಯದ ಶೇಂಗಾದವನಾಗಲಿ, ಮಗುವಿನ ರಕ್ತದಲ್ಲಿ ದೋಷವಿದೆಯೆಂದು ತಿಳಿದಾಗ ಬಹುಮಟ್ಟಿಗೆ ಆ ದಿಕ್ಕಿಗೇ ಮುಖ ಮಾಡುತ್ತಾನೆ. ರಸ್ತೆಯಲ್ಲಿ ಇನ್ನೂರೈವತ್ತು ಕಿಲೋಮೀಟರುಗಳಷ್ಟು ಅಥವಾ ಅದಕ್ಕೂ ಹೆಚ್ಚಿನ ಪ್ರಯಾಣ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆಯು ಎರಡು ಎರಡೂವರೆ ವರ್ಷಗಳವರೆಗೆ ನಡೆಯುತ್ತದೆ. ತಾಯಿ ಆಸ್ಪತ್ರೆಯಲ್ಲಿ, ತಂದೆ ಸಾಲದ ಬೇಟೆಯಲ್ಲಿ, ಉಳಿದ ಮಕ್ಕಳು ಅಜ್ಜಿಯ ಮಡಿಲಲ್ಲಿ. ಹೀಗೆ ಒಂದು ಸಂಸಾರವು ಮೂರು ಕಡೆಗೆ ಹರಿದುಹೋಗುತ್ತದೆ. ಆ ದಿನಗಳು ಮುಗಿದು, “ಇನ್ನು ಔಷಧ ಬೇಡ” ಎಂದು ವೈದ್ಯರು ಹೇಳಿದ ದಿವಸ ಆ ತಾಯಿತಂದೆಗಳು ಆ ಊರಿನ ದಾರಿಯನ್ನೇ ಮರೆಯಬೇಕೆಂದು ಬಯಸಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಅವರು ದೂಷ್ಯರಲ್ಲ. ದುಃಖವನ್ನು ಮರೆಯುವುದು ಮನುಷ್ಯನಿಗೆ ಶಿವನು ಕೊಟ್ಟಿರುವ ಒಂದು ಉಪಾಯ.

ಆದರೆ ಮನಸ್ಸು ಮರೆತುದನ್ನು ಕಾಯವು ಮರೆಯುವುದಿಲ್ಲ. ಅರ್ಬುದವನ್ನು ಕೊಲ್ಲುವ ಔಷಧಗಳು ಬೆಳೆಯುತ್ತಿರುವ ಮಗುವಿನ ಆರೋಗ್ಯಕರವಾದ ಅಂಗಗಳ ಮೇಲೂ ತಮ್ಮ ಗುರುತನ್ನು ಬಿಟ್ಟುಹೋಗಬಲ್ಲವು. ಡಾಕ್ಸೊರುಬಿಸಿನ್ ಮೊದಲಾದ ಔಷಧಗಳು ಹೃದಯದ ಮಾಂಸವನ್ನು ದುರ್ಬಲಗೊಳಿಸಬಲ್ಲವು. ಆ ದೌರ್ಬಲ್ಯವು ಹತ್ತಿಪ್ಪತ್ತು ವರ್ಷ ಮೌನವಾಗಿದ್ದು ಅನಂತರ ತೋರಿಬರಬಹುದು. ಸಿಸ್‌ಪ್ಲಾಟಿನ್ ಕಿವಿಗೂ ಮೂತ್ರಪಿಂಡಕ್ಕೂ ತೊಂದರೆ ಕೊಡಬಲ್ಲದು. ತಲೆಗೆ ಕೊಟ್ಟ ವಿಕಿರಣವು ಮಗುವಿನ ಎತ್ತರವನ್ನೂ ಕಲಿಯುವ ಶಕ್ತಿಯನ್ನೂ ಕುಂದಿಸಬಹುದು. ಕತ್ತಿಗೆ ಕೊಟ್ಟದ್ದು ಥೈರಾಯ್ಡ್ ಗ್ರಂಥಿಯನ್ನು ಮಂದಗೊಳಿಸಬಹುದು. ಬಾಲಕಿಯ ಎದೆಗೆ ಕೊಟ್ಟದ್ದು ಮುಂದೆ ಸ್ತನದ ಕ್ಯಾನ್ಸರಿನ ಭಯವನ್ನು ಹೆಚ್ಚಿಸುತ್ತದೆ. ಕೆಲವು ಔಷಧಗಳು ಸಂತಾನಶಕ್ತಿಗೆ ಕುಂದು ತರುತ್ತವೆ. ಅಮೆರಿಕದಲ್ಲಿ 1970ರಿಂದ 1986ರ ವರೆಗೆ ಬಾಲ್ಯದಲ್ಲಿ ಕ್ಯಾನ್ಸರ್ ಕಂಡುಬಂದು ಉಳಿದಿದ್ದ 10,397 ವಯಸ್ಕರನ್ನು ಪರಿಶೀಲಿಸಿ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅವರಲ್ಲಿ ನೂರಕ್ಕೆ 62 ಮಂದಿಗೆ ಒಂದಾದರೂ ದೀರ್ಘಕಾಲದ ಅನಾರೋಗ್ಯವಿದ್ದುದು ಕಂಡುಬಂದಿತು. ನೂರಕ್ಕೆ 27ಕ್ಕಿಂತ ಹೆಚ್ಚು ಮಂದಿಗೆ ಅದು ತೀವ್ರವಾದದ್ದು ಅಥವಾ ಪ್ರಾಣಾಪಾಯಕರವಾದದ್ದು. ಆ ಕಾಲಕ್ಕಿಂತ ಈಗಿನ ಚಿಕಿತ್ಸೆಯು ಸೌಮ್ಯವಾಗಿದೆ. ರಕ್ತದ ಕ್ಯಾನ್ಸರಿನ ಹೆಚ್ಚಿನ ಮಕ್ಕಳಿಗೆ ತಲೆಯ ವಿಕಿರಣವು ಈಗ ಬೇಕಾಗುವುದೂ ಇಲ್ಲ. ಎಲ್ಲರಿಗೂ ತೊಂದರೆ ಬಂದೇ ಬರುತ್ತದೆಂದು ಇದರಿಂದ ತಿಳಿಯಬಾರದು. ಯಾರಿಗೆ ಯಾವ ಔಷಧ ಎಷ್ಟು ಪ್ರಮಾಣದಲ್ಲಿ ಸಂದಿತು ಎಂಬುದರ ಮೇಲೆ ಯಾರಿಗೆ ಯಾವ ಎಚ್ಚರಿಕೆ ಬೇಕೆಂಬುದು ನಿರ್ಣಯವಾಗುತ್ತದೆ ಎಂದು ಮಾತ್ರ ತಿಳಿಯತಕ್ಕದ್ದು.

ಈ ಎಚ್ಚರಿಕೆಯನ್ನು ಒಂದು ವ್ಯವಸ್ಥೆಯನ್ನಾಗಿ ಮಾಡಿದ ಉದಾಹರಣೆಯು ನಮ್ಮ ದೇಶದಲ್ಲಿಯೇ ಉಂಟು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಗಿಸಿದ ಮಕ್ಕಳಿಗಾಗಿಯೇ 1991ರಲ್ಲಿ ಒಂದು ಪ್ರತ್ಯೇಕ ವಿಭಾಗವನ್ನು ತೆರೆದರು. ರೋಗ ಹೋದವರು ಮತ್ತೆ ಆಸ್ಪತ್ರೆಗೆ ಬರುವುದಕ್ಕಾಗಿ ತೆರೆದ ಬಾಗಿಲು ಅದು. ಅದಕ್ಕೆ ಹದಿನಾರು ವರ್ಷ ಮೊದಲು, 1975ರಲ್ಲಿ, ಅಮೆರಿಕದ ವೈದ್ಯ ಜೂಲಿಯೊ ಡಿ’ಆಂಜಿಯೊ ಮಕ್ಕಳ ಕ್ಯಾನ್ಸರಿನಲ್ಲಿ ವಾಸಿಮಾಡುವುದಷ್ಟೇ ಸಾಲದೆಂದು ತನ್ನ ಸಹೋದ್ಯೋಗಿಗಳಿಗೆ ತಿಳಿಯಹೇಳಿದ್ದನು.

ಸಾಲದೆ ಹೋದುದು ಯಾವುದು? ಇಲ್ಲಿಂದ ಮುಂದಿನದು ವೈದ್ಯವಿಚಾರವಲ್ಲ, ಧರ್ಮವಿಚಾರ.

ಮೊದಲನೆಯದಾಗಿ ಎದುರಾಗುವ ಪೂರ್ವಪಕ್ಷವು ಕರ್ಮದ್ದು. ಮಗುವಿಗೆ ಬಂದ ರೋಗವು ಪೂರ್ವಜನ್ಮದ ಪಾಪದ ಫಲ; ಉಳಿದದ್ದು ಪುಣ್ಯದ ಫಲ; ಮುಂದೇನಾಗುವುದೋ ಅದೂ ಬರೆದಂತೆಯೇ ಆಗುವುದು; ಇದರಲ್ಲಿ ಮನುಷ್ಯನು ಮಾಡತಕ್ಕದ್ದೇನು? ಈ ಮಾತನ್ನು ಆಡುವವರು ಒಂದನ್ನು ಮರೆಯುತ್ತಾರೆ. ವೀರಶೈವರಲ್ಲಿ ಶಿಶುವು ಗರ್ಭದಲ್ಲಿರುವಾಗಲೇ ಎಂಟನೆಯ ತಿಂಗಳಲ್ಲಿ ಲಿಂಗಧಾರಣ ಮಾಡಿಸುವ ಸಂಪ್ರದಾಯವುಂಟು. ಭೂಮಿಗೆ ಬೀಳುವ ಮೊದಲೇ ಲಿಂಗಸಂಬಂಧವಾದ ಶಿಶುವಿಗೆ ಪೂರ್ವಾಶ್ರಯವೆಲ್ಲಿಯದು? ಪೂರ್ವಾಶ್ರಯವನ್ನು ಕಳೆಯುವುದೇ ದೀಕ್ಷೆಯ ತಾತ್ಪರ್ಯವೆಂದು ಒಪ್ಪಿದವರು, ಎರಡು ವರ್ಷದ ಕೂಸಿನ ರಕ್ತದೋಷಕ್ಕೆ ಅದರ ಪೂರ್ವಜನ್ಮವನ್ನು ಹೊಣೆಮಾಡಿದರೆ ತಮ್ಮ ದೀಕ್ಷೆಯನ್ನೇ ಅಲ್ಲಗಳೆದಂತಾಗುತ್ತದೆ. ಶಾಸ್ತ್ರದ ಮಾತು ಹಾಗಿರಲಿ, ವಿಜ್ಞಾನವೂ ಬೇರೆಯದನ್ನು ಹೇಳುವುದಿಲ್ಲ. ಮಕ್ಕಳ ಕ್ಯಾನ್ಸರುಗಳಲ್ಲಿ ಹೆಚ್ಚಿನವು, ಬೆಳೆಯುವ ಜೀವಕೋಶಗಳಲ್ಲಿ ಆಕಸ್ಮಿಕವಾಗಿ ಉಂಟಾಗುವ ವ್ಯತ್ಯಾಸಗಳಿಂದ ಬರುತ್ತವೆ. ತಾಯಿ ಉಂಡದ್ದರಿಂದಲ್ಲ, ತಂದೆ ನಡೆದದ್ದರಿಂದಲ್ಲ. ಮಗುವಿನ ಮಂಚದ ಬಳಿ ಕುಳಿತು ತಾನು ಮಾಡಿದ ತಪ್ಪನ್ನು ಹುಡುಕುತ್ತಿರುವ ತಾಯಿಗೆ ಈ ಮಾತನ್ನು ಸ್ಪಷ್ಟವಾಗಿ ಹೇಳುವುದೂ ಒಂದು ಶಿವಪೂಜೆಯೇ ಸರಿ.

ಕರ್ಮವಾದಕ್ಕೆ ಇನ್ನೊಂದು ಸೌಮ್ಯವಾದ ರೂಪವಿದೆ. “ಶಿವನು ಉಳಿಸಿಕೊಟ್ಟನು, ಮುಂದೆಯೂ ಅವನೇ ನೋಡಿಕೊಳ್ಳುತ್ತಾನೆ” ಎಂಬುದು ಅದು. ಇದರಲ್ಲಿ ಭಕ್ತಿಯ ಧ್ವನಿಯಿರುವುದರಿಂದ ಇದನ್ನು ತಳ್ಳಿಹಾಕುವುದು ಕಷ್ಟ. ಆದರೆ ಷಟ್‌ಸ್ಥಲದ ಕ್ರಮವನ್ನು ಬಲ್ಲವರಿಗೆ ಇದಕ್ಕೆ ಉತ್ತರವು ಅಲ್ಲಿಯೇ ದೊರೆಯುತ್ತದೆ. ಭಕ್ತಸ್ಥಲಕ್ಕೆ ಶ್ರದ್ಧಾಭಕ್ತಿ, ಮಾಹೇಶ್ವರಸ್ಥಲಕ್ಕೆ ನಿಷ್ಠಾಭಕ್ತಿ, ಪ್ರಸಾದಿಸ್ಥಲಕ್ಕೆ ಅವಧಾನಭಕ್ತಿ ಎಂದು ಹಿರಿಯರು ವಿಭಾಗಿಸಿದ್ದಾರೆ. ಶಿವನಿಂದ ಬಂದುದನ್ನು ಪ್ರಸಾದವೆಂದು ಸ್ವೀಕರಿಸುವವನಿಗೆ ಶ್ರದ್ಧೆ ಬೇಕು, ನಿಷ್ಠೆ ಬೇಕು. ಆದರೆ ಅವನ ವಿಶೇಷ ಲಕ್ಷಣವು ಅವಧಾನ. ಅವಧಾನವೆಂದರೆ ಎಚ್ಚರ, ಕೈಗೆ ಬಂದುದು ಏನೆಂದು, ಎಲ್ಲಿಂದ ಬಂದಿತೆಂದು, ಅದನ್ನು ಕೆಡದಂತೆ ಹೇಗೆ ಬಳಸಬೇಕೆಂದು ಅರಿತಿರುವುದು. ಪ್ರಸಾದವನ್ನು ಕೆಳಗೆ ಚೆಲ್ಲಿ “ಶಿವನು ನೋಡಿಕೊಳ್ಳುತ್ತಾನೆ” ಎನ್ನುವವನನ್ನು ಯಾರೂ ಪ್ರಸಾದಿಯೆಂದು ಕರೆಯುವುದಿಲ್ಲ. ಮರಳಿ ಬಂದ ಪ್ರಾಣವು ಪ್ರಸಾದವೆಂಬುದು ನಿಜವಾದರೆ, ಎರಡು ವರ್ಷಕ್ಕೊಮ್ಮೆಯೋ ಐದು ವರ್ಷಕ್ಕೊಮ್ಮೆಯೋ ವೈದ್ಯರು ಹೇಳಿದಂತೆ ಹೃದಯವನ್ನು ಪರೀಕ್ಷಿಸಿಕೊಳ್ಳುವುದು ಶಿವನಲ್ಲಿ ಅವಿಶ್ವಾಸವಲ್ಲ; ಅದು ಅವಧಾನಭಕ್ತಿಯ ಒಂದು ಅಂಗ.

ನಮ್ಮ ಪ್ರಾಚೀನ ವೈದ್ಯಶಾಸ್ತ್ರವೂ ಇದಕ್ಕೆ ಸಮ್ಮತವಾಗಿಯೇ ಇದೆ. ಬಿಟ್ಟ ಜ್ವರವು ಬಲವು ಕೂಡುವ ಮೊದಲೇ ಅಪಥ್ಯಕ್ಕೆ ಎಳಸಿದವನಿಗೆ ಮರುಕಳಿಸುವುದನ್ನು ಚರಕನು ಪ್ರತ್ಯೇಕವಾಗಿ ವಿಚಾರಿಸಿದ್ದಾನೆ. ಶೋಧನಚಿಕಿತ್ಸೆಯಾದ ಮೇಲೆ ಗಂಜಿಯಿಂದ ಅನ್ನಕ್ಕೆ ಮೆಲ್ಲಮೆಲ್ಲನೆ ಏರಿಸುವ ಸಂಸರ್ಜನಕ್ರಮವನ್ನು ವಿಧಿಸಿದ್ದಾನೆ. ಸುಶ್ರುತನು ಸ್ವಸ್ಥನ ಲಕ್ಷಣವನ್ನು ಹೇಳುವಾಗ ದೋಷ ಧಾತುಗಳ ಸಮತೆಯಲ್ಲಿಯೇ ನಿಲ್ಲದೆ ಆತ್ಮ, ಇಂದ್ರಿಯ, ಮನಸ್ಸುಗಳ ಪ್ರಸನ್ನತೆಯನ್ನೂ ಸೇರಿಸಿದ್ದಾನೆ. ಶಾಸ್ತ್ರವನ್ನು ಓದದ ಹೆಂಗಸರಿಗೂ ಇದು ತಿಳಿದ ವಿಷಯ. ಹೆರಿಗೆಯು ಒಂದು ದಿನದ್ದು, ಬಾಣಂತನವು ತಿಂಗಳುಗಳದ್ದು. ಹೆರಿಗೆ ಸುಸೂತ್ರವಾಯಿತೆಂದು ಬಾಣಂತಿಯನ್ನು ಮರುದಿನವೇ ಗದ್ದೆಗೆ ಕಳುಹಿಸಿದ ಮನೆಯನ್ನು ಊರು ಏನೆನ್ನುತ್ತದೆಂಬುದು ಎಲ್ಲರಿಗೂ ಗೊತ್ತು. ಸಾವಿನ ಬಾಯಿಂದ ಬಂದ ಮಗುವಿಗೆ ಬಾಣಂತನದಷ್ಟು ಕಾಲದ ಆರೈಕೆಯಾದರೂ ಬೇಡವೆ?

ಎರಡನೆಯದು ಕೊಡುವವರ ಕಡೆಯ ವಿಚಾರ. ಇಲ್ಲಿ ದಾನಕ್ಕೂ ದಾಸೋಹಕ್ಕೂ ಶರಣರು ಕಂಡ ಅಂತರವನ್ನು ನೆನೆಯಬೇಕು. ದಾನಕ್ಕೆ ಒಂದು ಮುಹೂರ್ತವುಂಟು, ಒಂದು ಮುಕ್ತಾಯವುಂಟು. ಕೊಟ್ಟವನು ಕೊಟ್ಟೆನೆಂದು ತಿಳಿಯುತ್ತಾನೆ. ಪಡೆದವನು ಋಣಿಯಾಗಿ ಹೋಗುತ್ತಾನೆ. ಇಬ್ಬರ ಸಂಬಂಧವೂ ಅಲ್ಲಿಗೆ ತೀರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸ. ಇಂದು ನೀಡಿದುದು ನಾಳೆ ನೀಡದಿರಲು ಕಾರಣವಾಗುವುದಿಲ್ಲ. ಆದುದರಿಂದ ದಾಸೋಹವು ಘಟನೆಯಲ್ಲ, ಸ್ಥಿತಿ. ಶೂನ್ಯಸಂಪಾದನೆಯಲ್ಲಿ ಬರುವ ನುಲಿಯ ಚಂದಯ್ಯನ ಪ್ರಸಂಗವು ಇದನ್ನೇ ತೋರಿಸುತ್ತದೆ. ಆತನ ಕಾಯಕ ಹುಲ್ಲು ಕೊಯ್ದು ಹಗ್ಗ ಹೊಸೆಯುವುದು. ಅದರಿಂದ ಬಂದುದರಲ್ಲಿ ಜಂಗಮದಾಸೋಹ. ಒಂದು ದಿನ ಹುಲ್ಲು ಕೊಯ್ಯುವಾಗ ಕೊರಳ ಲಿಂಗವೇ ಜಾರಿತು. ಆತನು ಕಾಯಕವನ್ನು ನಿಲ್ಲಿಸಲಿಲ್ಲ. ಲಿಂಗವೇ ಆತನ ಹಿಂದೆ ಬರಬೇಕಾಯಿತು. ಈ ಕಥೆಯನ್ನು ಲಿಂಗದ ಉಪೇಕ್ಷೆಯೆಂದು ತಿಳಿಯುವವರು ತಪ್ಪು ತಿಳಿಯುತ್ತಾರೆ. ಎಂತಹ ಮಹಾ ಸಂದರ್ಭವೂ ನಿತ್ಯದ ಸೇವೆಗೆ ಮುಕ್ತಾಯವನ್ನು ಹಾಡಲಾರದೆಂಬುದು ಅದರ ಮರ್ಮ. ಪ್ರಾಣವನ್ನು ಉಳಿಸಿದೆವೆಂಬ ಮಹಾ ಸಂದರ್ಭಕ್ಕೂ ಇದು ಅನ್ವಯಿಸುತ್ತದೆ.

ಇದಕ್ಕೆ ದೃಷ್ಟಾಂತವನ್ನು ದೂರದಿಂದ ತರಬೇಕಾಗಿಲ್ಲ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು, ಶಾಂತಿಸಾಗರವನ್ನು, ಆ ಕಡೆಯ ಜನರೆಲ್ಲರೂ ಬಲ್ಲರು. ಅದನ್ನು ಶಾಂತವ್ವೆಯು ಕಟ್ಟಿಸಿದಳೆಂದು ಜನರ ಹೇಳಿಕೆ. ಕಟ್ಟಿಸಿದವಳ ಹೆಸರು ನಿಂತಿತು; ಅದು ಯೋಗ್ಯವೇ. ಆದರೆ ಕೆರೆ ನಿಂತದ್ದು ಆಕೆಯೊಬ್ಬಳಿಂದಲ್ಲ. ಏರಿಯ ಮೇಲೆ ಬೆಳೆದ ಗಿಡವನ್ನು ಕಿತ್ತವರು, ತೂಬಿನ ಸೋರಿಕೆಯನ್ನು ಕಂಡು ಕೂಗಿದವರು, ಕೋಡಿ ಬಿದ್ದ ರಾತ್ರಿ ಕಾದು ಕುಳಿತವರು, ನಾಲೆಯ ಹೂಳೆತ್ತಿದವರು ಶತಮಾನಗಳುದ್ದಕ್ಕೂ ಇದ್ದುದರಿಂದ ಅದು ನಿಂತಿತು. ಅವರಾರ ಹೆಸರೂ ಯಾರಿಗೂ ತಿಳಿಯದು. ಸೊನ್ನಲಿಗೆಯ ಸಿದ್ಧರಾಮಯ್ಯನು ಕೆರೆಯನ್ನು ಕಟ್ಟಿಸಿದಾಗ ಅಲ್ಲಮಪ್ರಭುವು ಆತನನ್ನು ಪರೀಕ್ಷಿಸಿದುದು ಕೆರೆಯು ಬೇಡವೆಂದಲ್ಲ, ಕಟ್ಟಿಸಿದೆನೆಂಬ ಹಮ್ಮು ಬೇಡವೆಂದು. ರೋಗವನ್ನು ಗೆದ್ದ ದಿನದ ಛಾಯಾಚಿತ್ರ, ಹಾರ, ಅಭಿನಂದನೆಗಳು ಕಟ್ಟಿಸಿದವರ ಭಾಗ. ಹದಿನೈದು ವರ್ಷಗಳ ಅನಂತರ ಹೃದಯದ ಒಂದು ಪರೀಕ್ಷೆಗೆ ಬರಲು ಒಂದು ಕಾಗದ ಬರೆಯುವುದು ಏರಿ ಕಾಯುವವರ ಭಾಗ. ಲೋಕವು ಮೊದಲನೆಯದಕ್ಕೆ ಹಣವನ್ನೂ ಕೀರ್ತಿಯನ್ನೂ ಧಾರಾಳವಾಗಿ ಕೊಡುತ್ತದೆ, ಎರಡನೆಯದಕ್ಕೆ ಕೊಡುವುದಿಲ್ಲ. ಕೀರ್ತಿ ಬಾರದ ಕಡೆಯಲ್ಲಿಯೇ ದಾಸೋಹದ ಪರೀಕ್ಷೆಯಾಗುವುದು.

ಮೂರನೆಯದು ಎಲ್ಲಕ್ಕಿಂತಲೂ ಬಿಕ್ಕಟ್ಟಿನ ಪ್ರಶ್ನೆ, ಅದು ಸತ್ಯದ್ದು. ಮೂರು ವರ್ಷದ ಮಗುವಾಗಿದ್ದಾಗ ಚಿಕಿತ್ಸೆ ಪಡೆದ ಹುಡುಗಿಯೊಬ್ಬಳಿಗೆ ಆ ದಿನಗಳ ನೆನಪೇ ಇರುವುದಿಲ್ಲವೆಂದು ಭಾವಿಸಬಹುದು. ಮನೆಯವರು ಆ ಮಾತನ್ನು ಎತ್ತುವುದಿಲ್ಲ. ಕಾಗದಗಳನ್ನು ಸುಟ್ಟಿರುತ್ತಾರೆ ಅಥವಾ ಅಟ್ಟದ ಮೇಲೆ ಗೆದ್ದಲಿಗೆ ಬಿಟ್ಟಿರುತ್ತಾರೆ. ಕಾರಣ ಒಂದೇ: ಮುಂದೆ ಹೆಣ್ಣನ್ನು ಯಾರು ತೆಗೆದುಕೊಳ್ಳುತ್ತಾರೆ? ಆಕೆ ಬೆಳೆದು, ಮದುವೆಯಾಗಿ, ಗರ್ಭಿಣಿಯಾಗುತ್ತಾಳೆ. ಗರ್ಭವು ಹೃದಯದ ಮೇಲೆ ಹೆಚ್ಚಿನ ಭಾರವನ್ನು ಹೊರಿಸುವ ಸ್ಥಿತಿ. ಆಕೆಗೆ ಏದುಸಿರು ಬಂದಾಗ ವೈದ್ಯರು ಹಿಂದೆ ಯಾವ ಕಾಯಿಲೆಯಾಗಿತ್ತೆಂದು ಕೇಳುತ್ತಾರೆ. ಯಾವುದೂ ಇಲ್ಲವೆಂದು ಆಕೆ ನಿಜವನ್ನೇ ಹೇಳುತ್ತಾಳೆ. ಏಕೆಂದರೆ ಆಕೆಗೆ ತಿಳಿದ ನಿಜ ಅಷ್ಟೇ. ಪ್ರೀತಿಯಿಂದ ಮುಚ್ಚಿಟ್ಟ ಮಾತು ಆಗ ಅಪಾಯದ ಮೂಲವಾಗುತ್ತದೆ.

“ಚೆನ್ನಾಗಿರುವ ಮಗುವಿಗೆ ಈ ಸುದ್ದಿಯನ್ನು ಹೇಳಿ ಹೆದರಿಸಬೇಕೆ?” ಎಂದು ತಾಯಿ ಕೇಳಿದರೆ ಆ ಪ್ರಶ್ನೆಯನ್ನು ಹಗುರವಾಗಿ ಕಾಣಲಾಗದು. ಭಯವೂ ಒಂದು ರೋಗವೇ. ತಲೆನೋವು ಬಂದಾಗಲೆಲ್ಲ ಹಳೆಯ ವೈರಿ ಮರಳಿದನೆಂದು ನಡುಗುವ ಯುವಕರು ಇದ್ದಾರೆ. ಆದರೆ ಇಲ್ಲಿ ಎರಡು ಬಗೆಯ ಮರೆಮಾಚುವಿಕೆಯನ್ನು ಬೇರ್ಪಡಿಸಿ ನೋಡಬೇಕು. ಊರಿನವರಿಂದ ಮರೆಮಾಡುವುದು ಒಂದು. ಬದುಕಿದವರಿಂದಲೇ ಮರೆಮಾಡುವುದು ಇನ್ನೊಂದು. ಮೊದಲನೆಯದು ಅವರವರ ಅಧಿಕಾರಕ್ಕೆ ಸೇರಿದ್ದು. ತನ್ನ ದೇಹದ ಕಥೆಯನ್ನು ಸಂತೆಯಲ್ಲಿ ಸಾರಬೇಕೆಂದು ಯಾವ ಧರ್ಮವೂ ವಿಧಿಸುವುದಿಲ್ಲ. ಎರಡನೆಯದಕ್ಕೆ ಯಾರಿಗೂ ಅಧಿಕಾರವಿಲ್ಲ. ಕಾಯವನ್ನೇ ದೇಗುಲವೆಂದು ಕಂಡ ಮಾರ್ಗದಲ್ಲಿ ಆ ದೇಗುಲದ ಪೂಜಾರಿಗೇ ಅದರ ಬಿರುಕನ್ನು ತೋರಿಸದಿರುವುದು ಸರಿಯಾಗದು. ಹೇಳುವ ಕ್ರಮ ಬೇರೆಯಿರಬಹುದು: ಎಳೆಯ ವಯಸ್ಸಿಗೆ ಸ್ವಲ್ಪ, ಪ್ರೌಢಶಾಲೆಯ ಹೊತ್ತಿಗೆ ಇನ್ನಷ್ಟು, ಹದಿನೆಂಟು ತುಂಬುವ ವೇಳೆಗೆ ಸಮಗ್ರವಾಗಿ. ಅರಿವು ಹುಟ್ಟಿಸುವ ಭಯಕ್ಕೆ ಮದ್ದುಂಟು, ಏಕೆಂದರೆ ಅದರ ಎಲ್ಲೆ ಗೊತ್ತಿರುತ್ತದೆ. ಪಿಸುಮಾತು ಹುಟ್ಟಿಸುವ ಭಯಕ್ಕೆ ಎಲ್ಲೆಯೇ ಇಲ್ಲ.

ಮದುವೆಯ ಮಾತಿಗೆ ಬಂದರೆ, ಅಲ್ಲಿ ಸಮಾಜವೇ ಉತ್ತರ ಹೇಳಬೇಕಾಗಿದೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಶರಣರು ತೊಡೆದುಹಾಕಿದರೆಂದು ವೇದಿಕೆಗಳ ಮೇಲೆ ಅಭಿಮಾನದಿಂದ ಹೇಳುವವರು, ಬಾಲ್ಯದ ಒಂದು ವ್ಯಾಧಿಯನ್ನು ಆರನೆಯ ಸೂತಕವನ್ನಾಗಿ ಮಾಡಿ ಹೆಣ್ಣುಮಕ್ಕಳ ಹಣೆಗೆ ಅಂಟಿಸಬಹುದೆ? ಅದರಲ್ಲಿಯೂ ಗಂಡಿಗೆ ಕ್ಷಮೆ, ಹೆಣ್ಣಿಗೆ ಶಿಕ್ಷೆ ಎಂಬ ಭೇದವು ಬೇರೆ. ಕ್ಯಾನ್ಸರ್ ಅಂಟುರೋಗವಲ್ಲ. ಬಾಲ್ಯದಲ್ಲಿ ಅದು ಬಂದು ಹೋದವರಲ್ಲಿ ಹೆಚ್ಚಿನವರ ಮಕ್ಕಳಿಗೆ ಆ ಕಾರಣದಿಂದ ಅಪಾಯ ಹೆಚ್ಚುವುದಿಲ್ಲ. ಹಾಗಲ್ಲದ ಕೆಲವು ಬಗೆಗಳೂ ಉಂಟು. ಕಣ್ಣಿನ ಅಕ್ಷಿಪಟಲದಲ್ಲಿ ಹುಟ್ಟುವ ರೆಟಿನೋಬ್ಲಾಸ್ಟೋಮದ ಅನುವಂಶಿಕ ರೂಪವು ಅವುಗಳಲ್ಲಿ ಮುಖ್ಯವಾದುದು. ಅಂತಹ ತಾಯಿ ಅಥವಾ ತಂದೆಯಿಂದ ಮಗುವಿಗೆ ಆ ದೋಷವು ಬರುವ ಸಂಭವ ಎರಡಕ್ಕೆ ಒಂದು. ಆದರೆ ಅಲ್ಲಿಯೂ ಸತ್ಯವೇ ರಕ್ಷಕ. ಹುಟ್ಟಿದ ಮಗುವಿನ ಕಣ್ಣನ್ನು ಮೊದಲ ವಾರಗಳಿಂದಲೇ ಪರೀಕ್ಷಿಸುತ್ತ ಬಂದರೆ ರೋಗವನ್ನು ಸಾಸಿವೆಯಷ್ಟಿರುವಾಗಲೇ ಹಿಡಿಯಬಹುದು. ಮುಚ್ಚಿಟ್ಟರೆ ಕಣ್ಣೂ ಹೋಗಬಹುದು, ಪ್ರಾಣವೂ ಹೋಗಬಹುದು. ಆದಕಾರಣ ಬೀಗತನದಲ್ಲಿ ಕೇಳತಕ್ಕ ಪ್ರಶ್ನೆ “ಹಿಂದೆ ಏನಾಗಿತ್ತು?” ಎಂಬುದಲ್ಲ, “ಈಗ ಯಾವ ಎಚ್ಚರಿಕೆ ಬೇಕು?” ಎಂಬುದು. ಮೊದಲನೆಯ ಪ್ರಶ್ನೆ ಮಾತ್ರ ಕೇಳಿದರೆ ಜನರು ಸುಳ್ಳು ಹೇಳುವುದನ್ನು ಕಲಿಯುತ್ತಾರೆ. ಆ ಸುಳ್ಳಿನ ಪಾಪದಲ್ಲಿ ಕೇಳಿದವರಿಗೂ ಪಾಲುಂಟು.

ನಾಲ್ಕನೆಯದಾಗಿ ಒಂದು ಆಕ್ಷೇಪಣೆಯನ್ನು ಉಪೇಕ್ಷಿಸುವಂತಿಲ್ಲ. ಇನ್ನೂ ಎಷ್ಟೋ ಮಕ್ಕಳು ರೋಗವೇನೆಂದು ತಿಳಿಯುವ ಮೊದಲೇ ಸಾಯುತ್ತಿರುವಾಗ, ಚಿಕಿತ್ಸೆಗೆ ಹೋದವರು ಹಣವಿಲ್ಲದೆ ಅರ್ಧಕ್ಕೆ ಮರಳುತ್ತಿರುವಾಗ, ಉಳಿದವರ ಬೆನ್ನುಹತ್ತುವುದು ಹಸಿದವರ ಮುಂದೆ ಉಂಡವರಿಗೆ ಮತ್ತೆ ಬಡಿಸಿದಂತಲ್ಲವೆ? ಈ ಮಾತಿನಲ್ಲಿ ಸತ್ಯಾಂಶವಿದೆ. ಪಂಕ್ತಿಯಲ್ಲಿ ಇನ್ನೂ ಎಲೆಯೇ ಬೀಳದವರನ್ನು ಮೊದಲು ನೋಡುವುದು ದಾಸೋಹದ ಮರ್ಯಾದೆ. ಆದರೆ ಹೋಲಿಕೆಯು ಪೂರ್ತಿ ಸಲ್ಲುವುದಿಲ್ಲ. ಉಳಿದವರು ಉಂಡು ಎದ್ದವರಲ್ಲ. ಅರ್ಧ ಊಟಕ್ಕೆ ಪಂಕ್ತಿ ಮುಗಿಯಿತೆಂದು ಅವರನ್ನು ಎಬ್ಬಿಸಲಾಗಿದೆ. ಮೇಲಾಗಿ, ಎರಡು ವರ್ಷಗಳ ಚಿಕಿತ್ಸೆಗೆ ತಗಲಿದ ಶ್ರಮ ಧನಗಳ ಮುಂದೆ ಮುಂದಿನ ಎಚ್ಚರಿಕೆಯ ವೆಚ್ಚವು ತೀರ ಅಲ್ಪವಾದುದು. ಹೆಚ್ಚಿನವರಿಗೆ ಬೇಕಾದುದು ವರ್ಷಕ್ಕೊಮ್ಮೆ ವೈದ್ಯರ ದರ್ಶನ, ಎತ್ತರ ತೂಕ ರಕ್ತದೊತ್ತಡಗಳ ಗಣನೆ, ಕೆಲವು ರಕ್ತಪರೀಕ್ಷೆಗಳು, ಕಾಲಕಾಲಕ್ಕೆ ಹೃದಯದ ಪರೀಕ್ಷೆ. ಇನ್ನೊಂದು ಕಾರಣವೂ ಉಂಟು. ಚೆನ್ನಾಗಿ ಬಾಳುತ್ತಿರುವ ಒಬ್ಬ ತರುಣನನ್ನು ಕಂಡ ಊರಿನಲ್ಲಿ ಇನ್ನೊಂದು ಮಗುವಿಗೆ ರೋಗ ಬಂದಾಗ ತಾಯಿತಂದೆಗಳು ಬೇಗನೆ ಎದ್ದು ಆಸ್ಪತ್ರೆಗೆ ಹೊರಡುತ್ತಾರೆ. ಉಳಿದವರ ಕ್ಷೇಮವೇ ಮುಂದೆ ಉಳಿಯಬೇಕಾದವರಿಗೆ ಧೈರ್ಯ.

ಈ ವಿಚಾರವು ಮಾತಿನಲ್ಲಿಯೇ ಉಳಿಯಬಾರದಾದ್ದರಿಂದ ಆಚರಣೆಯ ಮಾತನ್ನೂ ಹೇಳುವುದು ಉಚಿತ. ಜಾತಕವನ್ನು ರೇಷ್ಮೆಯ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡುವ ಮನೆಗಳುಂಟು. ಹೊಲದ ಪಹಣಿಯನ್ನು ಕಳೆಯುವ ರೈತನಂತೂ ಇಲ್ಲವೇ ಇಲ್ಲ. ಮಗುವಿಗೆ ಯಾವ ರೋಗವಾಗಿತ್ತು, ಯಾವ ಯಾವ ಔಷಧ ಒಟ್ಟು ಎಷ್ಟು ಪ್ರಮಾಣದಲ್ಲಿ ಸಂದಿತು, ವಿಕಿರಣವನ್ನು ಯಾವ ಅಂಗಕ್ಕೆ ಎಷ್ಟು ಕೊಟ್ಟರು, ಚಿಕಿತ್ಸೆ ಎಂದು ಮುಗಿಯಿತು ಎಂಬುದನ್ನು ಬರೆದ ಒಂದೆರಡು ಪುಟಗಳ ಸಾರಾಂಶವು ಆ ಮಗುವಿನ ನಿಜವಾದ ಜಾತಕ. ಗ್ರಹಗಳು ಹೇಳಲಾರದ ಭವಿಷ್ಯವನ್ನು ಅದು ಹೇಳಬಲ್ಲದು. ಅಷ್ಟೇ ಅಲ್ಲ, ಆ ಭವಿಷ್ಯವನ್ನು ತಿದ್ದುವ ದಾರಿಯನ್ನೂ ತೋರಿಸಬಲ್ಲದು. ಆಸ್ಪತ್ರೆಯಿಂದ ಅದನ್ನು ಕೇಳಿ ಪಡೆಯುವುದು, ಪ್ರತಿಯೊಂದನ್ನು ಮಾಡಿಸಿ ಎರಡು ಕಡೆ ಇಡುವುದು, ಮಗು ಪ್ರಾಯಕ್ಕೆ ಬಂದಾಗ ಅದರ ಕೈಗೇ ಒಪ್ಪಿಸುವುದು ಮನೆಯವರ ಮೊದಲ ಕರ್ತವ್ಯ.

ಪ್ರತಿ ಪರೀಕ್ಷೆಗೂ ಬೆಂಗಳೂರಿಗೆ ಓಡಬೇಕಾಗಿಲ್ಲ. ಹೊನ್ನಾಳಿ ಚನ್ನಗಿರಿಗಳವರಿಗೆ ದಾವಣಗೆರೆಯ ದೊಡ್ಡ ಆಸ್ಪತ್ರೆಗಳುಂಟು. ನ್ಯಾಮತಿಗೆ ಶಿವಮೊಗ್ಗವು ಸಮೀಪ. ಜಗಳೂರಿನವರಿಗೆ ದಾವಣಗೆರೆ ಚಿತ್ರದುರ್ಗಗಳೆರಡೂ ಎಟುಕುತ್ತವೆ. ಕೈಯಲ್ಲಿ ಆ ಸಾರಾಂಶವಿದ್ದರೆ ಅಲ್ಲಿನ ವೈದ್ಯರು ನೋಡಬೇಕಾದುದನ್ನು ನೋಡಬಲ್ಲರು. ಸಂದೇಹವಿದ್ದಾಗ ಮಾತ್ರ ಮೂಲ ಆಸ್ಪತ್ರೆಗೆ ಬರೆದು ಕೇಳಬಹುದು. ಹಳ್ಳಿಯ ಆಶಾ ಕಾರ್ಯಕರ್ತೆಗೆ ಗರ್ಭಿಣಿಯರ ಪಟ್ಟಿಯು ಬಾಯಿಪಾಠವಾಗಿರುತ್ತದೆ. ಇಂತಹ ಒಬ್ಬಿಬ್ಬರನ್ನು, ಅವರ ಒಪ್ಪಿಗೆಯಿಂದ, ಗುಟ್ಟು ಕಾಯ್ದು ನೆನಪಿನಲ್ಲಿಡುವುದು ಆಕೆಗೆ ಹೊರೆಯಾಗದು. ಶಾಲೆಯ ಉಪಾಧ್ಯಾಯರು ಎರಡು ವರ್ಷ ಪಾಠ ತಪ್ಪಿದ ಮಗುವನ್ನು ದಡ್ಡನೆಂದು ಕರೆಯದೆ, ಅದಕ್ಕೆ ಕಿವಿ ಕೇಳುತ್ತದೆಯೆ, ಓದಿದುದು ನೆನಪಿನಲ್ಲಿ ನಿಲ್ಲುತ್ತದೆಯೆ ಎಂದು ವಿಚಾರಿಸಿ ಮುಂದಿನ ಸಾಲಿನಲ್ಲಿ ಕೂರಿಸಬೇಕು. ಪ್ರಸಾದನಿಲಯಗಳನ್ನೂ ಶಾಲೆಗಳನ್ನೂ ನಡೆಸುತ್ತ ಬಂದ ಮಠಗಳಿಗೆ ಇದು ಹೊಸ ಕೆಲಸವೇನಲ್ಲ. ಸರ್ಕಾರದ ಯೋಜನೆಗಳ ದೃಷ್ಟಿಯು ಬಹುಮಟ್ಟಿಗೆ ಚಿಕಿತ್ಸೆಯ ಕಡೆಗಿದೆ. ಬಸ್ಸಿನ ಖರ್ಚು, ತಪ್ಪಿದ ಕೂಲಿ, ಜೊತೆಗೆ ಹೋಗುವ ಒಬ್ಬ ಮನುಷ್ಯ, ಇವು ಇನ್ನೂ ದಾಸೋಹದ ಪಾಲಿಗೇ ಉಳಿದಿವೆ.

ಉಳಿದವರ ಪಾಲಿನ ಧರ್ಮವೂ ಉಂಟು. ಅವರು ಮರುಕದ ಪಾತ್ರಗಳಲ್ಲ. ಅವರಲ್ಲಿ ಎಷ್ಟೋ ಮಂದಿ ಓದಿ, ದುಡಿದು, ಸಂಸಾರ ಹೂಡಿ ಎಲ್ಲರಂತೆ ಬಾಳುತ್ತಾರೆ. ಕಾಯಕಕ್ಕೆ ಅವರು ಯಾರಿಗೂ ಕಡಮೆಯಲ್ಲ. ಹೃದಯಕ್ಕೆ ಮೊದಲೇ ಏಟು ಬಿದ್ದಿರಬಹುದಾದ್ದರಿಂದ ಬೀಡಿ ಸಿಗರೇಟು ಹೊಗೆಸೊಪ್ಪುಗಳನ್ನು ದೂರವಿಡುವುದು, ದೇಹವನ್ನು ಸೋಮಾರಿಯಾಗಲು ಬಿಡದಿರುವುದು, ಹೇಳಿದ ದಿನಕ್ಕೆ ಪರೀಕ್ಷೆಗೆ ಹೋಗುವುದು ಅವರ ಶೀಲ. ವೈದ್ಯ 

ಸಂಗಣ್ಣನೆಂಬ ಶರಣನು ಔಷಧದ ಪರಿಭಾಷೆಯಲ್ಲಿಯೇ ಭವರೋಗದ ಚಿಕಿತ್ಸೆಯನ್ನು ಹೇಳಿದನು. ಆತನ ಕಾಯಕದಲ್ಲಿ ದೇಹದ ವೈದ್ಯವೂ ಆತ್ಮದ ವೈದ್ಯವೂ ಬೇರೆಬೇರೆಯಾಗಿ ನಿಲ್ಲಲಿಲ್ಲ. ರೋಗಿಯ ಶೀಲವೂ ವಾಸಿಯೂ ಒಂದೇ ಶಬ್ದದಲ್ಲಿ ಕೂಡಿರುವ ನುಡಿಯಲ್ಲಿ ಅದು ಸಹಜವೇ.

ಇಷ್ಟರಿಂದ ಸಿದ್ಧವಾಗುವುದೇನೆಂದರೆ: ಪ್ರಾಣವನ್ನು ಉಳಿಸುವುದರಿಂದ ಉಳಿಸಿದವರ ಧರ್ಮವು ಮುಗಿಯುವುದಿಲ್ಲ, ಅಲ್ಲಿಂದ ಅದು ತನ್ನ ರೂಪವನ್ನು ಬದಲಿಸುತ್ತದೆ. ಅವಸರದ ಸೇವೆಯು ಅವಧಾನದ ಸೇವೆಯಾಗುತ್ತದೆ. ಇದು ಸುಲಭವೆಂದು ಯಾರೂ ಹೇಳಲಾರರು. ಆಪತ್ತಿನಲ್ಲಿ ಊರಿಗೆ ಊರೇ ಓಡಿಬರುತ್ತದೆ, ಆಪತ್ತು ಕಳೆದ ಇಪ್ಪತ್ತು ವರ್ಷಗಳ ಮೇಲೆ ಬಂದು “ಹೃದಯವನ್ನು ತೋರಿಸಿಕೊಂಡೆಯಾ ತಾಯಿ?” ಎಂದು ಕೇಳುವವರು ವಿರಳ. ಆ ವಿರಳರ ಸಂಖ್ಯೆಯು ಈ ನಾಲ್ಕು ತಾಲ್ಲೂಕುಗಳ ಪ್ರತಿಯೊಂದು ಹೋಬಳಿಗೆ ಒಬ್ಬರಂತಾದರೂ ಆಗಲಿ.